ಕಣ್ಣು ಕೊನೆಗೆ: ಮುಖಚಿತ್ರ ಬರೆಯುವ ನನ್ನ ಕ್ರಮ

ಮುಖಚಿತ್ರಕ್ಕೆ ಕೂತವರ ಕಣ್ಣನ್ನು ನಾನು ಎಲ್ಲಕ್ಕಿಂತ ಕೊನೆಗೆ ಬರೆಯುತ್ತೇನೆ. ಕಲಬುರಗಿಯಲ್ಲಿ ನನ್ನ ಹತ್ತಿರ ಚಿತ್ರ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಇದು ಮೊದಮೊದಲು ಹಿಡಿಸುವುದಿಲ್ಲ. ಪೆನ್ಸಿಲ್ ಹಿಡಿದ ಕೂಡಲೇ ಎರಡು ಕಣ್ಣು ತಿದ್ದಿ ತೀಡಿ, ರೆಪ್ಪೆಗೂದಲನ್ನೂ ಒಂದೊಂದಾಗಿ ಎಳೆದು, ಆಮೇಲೆ ಅದರ ಸುತ್ತ ತಲೆ ಕಟ್ಟಲು ಹೊರಡುತ್ತಾರೆ. ಕಣ್ಣು ಚೆಂದ ಬಂದಿರುತ್ತದೆ, ಮನುಷ್ಯ ಬೇರೆಯವನಾಗಿರುತ್ತಾನೆ. ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ನಮ್ಮ ಮನೆಯವರನ್ನು ನಾವು ಎಷ್ಟು ದೂರದಿಂದ ಗುರುತು ಹಿಡಿಯುತ್ತೇವೆ! ಅಷ್ಟು ದೂರಕ್ಕೆ ಕಣ್ಣು, ಮೂಗು ಕಾಣುವುದೇ ಇಲ್ಲ. ತಲೆಯ ಗಾತ್ರ, ಕುತ್ತಿಗೆಯ ಮೇಲೆ ಅದು ಕೂತ ರೀತಿ, ನೆರಳು ಬಿದ್ದ ಆಕಾರ, ಇಷ್ಟೇ ಕಾಣುವುದು. ಹೋಲಿಕೆಯ ಬಹುಪಾಲು ಅಲ್ಲೇ ಇದೆ ಎಂದು ನಾನು ಬರೆಯುತ್ತ ಬರೆಯುತ್ತ ಕಂಡುಕೊಂಡಿದ್ದೇನೆ.

ಹಾಗಾಗಿ ಮೊದಲು ತಲೆ. ದೊಡ್ಡವರಲ್ಲಿ ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣು ಹೆಚ್ಚೂಕಡಿಮೆ ನಟ್ಟನಡುವೆ ಬರುತ್ತದೆ. ಎಳೆ ಮಕ್ಕಳಲ್ಲಿ ಇನ್ನೂ ಕೆಳಗೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಸರಿಸಿ ಅಳೆದು ನೋಡುವ ತನಕ ಯಾರೂ ಇದನ್ನು ನಂಬುವುದಿಲ್ಲ. ನಮ್ಮ ಗಮನವೆಲ್ಲ ಹುಬ್ಬಿನಿಂದ ಬಾಯಿವರೆಗಿನ ಭಾಗಕ್ಕೆ ಹೋಗುತ್ತದೆ. ಮನಸ್ಸಿನಲ್ಲಿ ಅದು ಹಿಗ್ಗಿ, ಹಣೆ ಮತ್ತು ನೆತ್ತಿ ಕುಗ್ಗುತ್ತವೆ. ಕಾಗದದ ಮೇಲೂ ಹಾಗೇ ಇಳಿಯುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ರುಮಾಲು ಸುತ್ತಿದ ಮುತ್ಯಾ, ತಲೆ ತುಂಬ ಸೆರಗು ಹೊದ್ದ ಆಯಿ ಕೂತರೆ ನೆತ್ತಿ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ರುಮಾಲನ್ನು ಹಣೆಯ ಮೇಲೆ ಟೋಪಿಯಂತೆ ಕೂರಿಸಿಬಿಟ್ಟರೆ ಒಳಗೆ ತಲೆಬುರುಡೆಗೆ ಜಾಗವೇ ಉಳಿದಿರುವುದಿಲ್ಲ. ನಾನು ಬಟ್ಟೆಯ ಕೆಳಗಿನ ತಲೆಯನ್ನು ತೆಳುವಾಗಿ ಪೂರ್ತಿ ಬರೆದು, ಕಿವಿಯ ಜಾಗ ಗುರುತು ಮಾಡಿಕೊಂಡು, ಅದರ ಮೇಲೆ ಸುತ್ತು ಸುತ್ತಾಗಿ ರುಮಾಲು ಕಟ್ಟುತ್ತೇನೆ.

ನೋಟ ಹೀಗೆ ಯಾಕೆ ಹಿಗ್ಗಿಸಿ ಕುಗ್ಗಿಸುತ್ತದೆ ಅಂತ ಹುಡುಕಿಕೊಂಡು ಹೋದಾಗ ನನಗೆ ಬಹಳ ಉಪಯೋಗವಾದ ಸಂಗತಿಗಳು ಸಿಕ್ಕವು. ನಮ್ಮ ಕಣ್ಣಿಗೆ ನಿಚ್ಚಳವಾಗಿ ಕಾಣುವ ಜಾಗ ತೀರಾ ಚಿಕ್ಕದು: ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು, ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಆ ಮಸುಕು ಗೊತ್ತಾಗದಂತೆ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಿರುತ್ತದೆ. ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಈ ಜಿಗಿತಗಳನ್ನು ದಾಖಲಿಸಿ ತೋರಿಸಿದರು. ಮುಖದ ಚಿತ್ರ ನೋಡುತ್ತಿದ್ದವರ ನೋಟ ಕಣ್ಣಿಗೆ, ಬಾಯಿಗೆ, ಮತ್ತೆ ಕಣ್ಣಿಗೆ ಮರಳುತ್ತಿತ್ತು. ಕೆನ್ನೆ, ಕೂದಲಿನ ಕಡೆ ಹೋದದ್ದು ಕಡಿಮೆ. ಅಂದರೆ ಎದುರಿಗೆ ಕೂತವರ ಮುಖವನ್ನು ನಾವು ಒಂದೇ ಸಲಕ್ಕೆ ಕಂಡಿರುವುದೇ ಇಲ್ಲ. ತುಣುಕುಗಳನ್ನು ಮನಸ್ಸು ಕೌದಿಯಂತೆ ಹೊಲಿದು ಕೊಟ್ಟಿರುತ್ತದೆ. ಅದಕ್ಕೇ ನಾನು ಬರೆಯುವಾಗ ಬೇಕೆಂದೇ ಯಾರೂ ನೋಡದ ಜಾಗಗಳಿಗೆ ನೋಟ ಒಯ್ಯುತ್ತೇನೆ: ಕಿವಿಯಿಂದ ಕೆನ್ನೆಯ ಮೂಳೆಗೆ ಎಷ್ಟು ಅಂತರ, ಮೂಗಿನ ತುದಿಗೂ ಮೇಲ್ತುಟಿಗೂ ಎಷ್ಟು, ಕುತ್ತಿಗೆ ಗದ್ದದ ಕೆಳಗೆ ಯಾವ ಕೋನದಲ್ಲಿ ಇಳಿದಿದೆ.

ಇನ್ನು ನೆರಳು. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಕಡಿಮೆಯೇ. ನಮ್ಮೂರಲ್ಲಿ ಏಪ್ರಿಲ್, ಮೇ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ನೇರ ಸುರಿಯುತ್ತದೆ. ಕಣ್ಣಿನ ಗುಳಿ ಎರಡೂ ಕಪ್ಪಾಗುತ್ತವೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಅಂಗಳಕ್ಕೆ ಹಾಸಿದ ಶಹಾಬಾದ್ ಫರ್ಶಿಯಿಂದ ಬೆಳಕು ಪುಟಿದು ದವಡೆಯ ಅಡಿಗೆ, ಹುಬ್ಬಿನ ಕೆಳಗೆ ಸೇರುತ್ತದೆ. ಆ ಪುಟಿದ ಬೆಳಕನ್ನು ಬಿಟ್ಟರೆ ಮುಖ ಕಲ್ಲಿನಂತಾಗುತ್ತದೆ. ಅತಿ ಮಾಡಿದರೆ ದವಡೆ ಗಾಜಿನಂತೆ ಮಿನುಗುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿದಾಗ ಸಣ್ಣಪುಟ್ಟ ವಿವರ ಕರಗಿ ಎರಡೇ ಭಾಗ ಉಳಿಯುತ್ತವೆ, ಬೆಳಕಿನದು ಮತ್ತು ನೆರಳಿನದು. ಅವೆರಡರ ಗಡಿಯನ್ನು ನಾನು ಮೊದಲು ಕಾಗದಕ್ಕೆ ಇಳಿಸುತ್ತೇನೆ. ಕಣ್ಣು, ಹುಬ್ಬು, ಮೂಗಿನ ಪಕ್ಕ ಎಲ್ಲವೂ ಆ ಹೊತ್ತಿಗೆ ಒಂದೇ ಕಪ್ಪು ತುಂಡು.

ಬೆಳಕಿನ ಪ್ರಮಾಣವನ್ನು ಬರಿಗಣ್ಣಿಗೆ ಬಿಡಬಾರದು. 1995ರಲ್ಲಿ ದೃಷ್ಟಿ ವಿಜ್ಞಾನಿ ಎಡ್ವರ್ಡ್ ಎಡೆಲ್ಸನ್ ಮಾಡಿದ ಚದುರಂಗದ ಹಾಸಿನ ಚಿತ್ರ ಇದೆ. ಅದರಲ್ಲಿ ನೆರಳಿನೊಳಗಿನ ಬಿಳಿ ಮನೆ, ಬೆಳಕಿನಲ್ಲಿರುವ ಕಪ್ಪು ಮನೆ ಎರಡೂ ನಿಜವಾಗಿ ಒಂದೇ ಬೂದು ಬಣ್ಣ. ಆದರೆ ಮೆದುಳು ನೆರಳನ್ನು ಲೆಕ್ಕದಿಂದ ಕಳೆದು 'ಇದು ಬಿಳಿ' ಎಂದೇ ತೋರಿಸುತ್ತದೆ. ಮುಖದ ಮೇಲೂ ಇದೇ ನಡೆಯುತ್ತದೆ. ಕಣ್ಣಿನ ಬಿಳಿ ಭಾಗ ಬಿಳಿ ಅಂತ ಗೊತ್ತು, ಆದ್ದರಿಂದ ಕಾಗದವನ್ನು ಹಾಗೇ ಬಿಡುತ್ತಾರೆ. ಚಿತ್ರ ಬೆಚ್ಚಿಬಿದ್ದವರ ಹಾಗೆ ಕಾಣುತ್ತದೆ. ಆ ಬಿಳಿ ರೆಪ್ಪೆಯ ನೆರಳಿನಲ್ಲಿರುತ್ತದೆ, ಎಷ್ಟೋ ಸಲ ಬಿಸಿಲು ಬಿದ್ದ ಕೆನ್ನೆಗಿಂತ ಕಪ್ಪಾಗಿರುತ್ತದೆ. ಒಂದು ಬೂದು ರಟ್ಟಿಗೆ ಪಂಚಿಂಗ್ ಮಷಿನ್‌ನಲ್ಲಿ ಎರಡು ತೂತು ಹಾಕಿ, ಒಂದರಿಂದ ಬಿಸಿಲಿನ ಕೆನ್ನೆ, ಇನ್ನೊಂದರಿಂದ ನೆರಳಲ್ಲಿರುವ ಧೋತರ ಕಾಣುವಂತೆ ಹಿಡಿದು ನೋಡಿ. ಕಪ್ಪು ಕೆನ್ನೆಯೇ ಬಿಳಿ ಧೋತರಕ್ಕಿಂತ ಬೆಳ್ಳಗೆ ಕಾಣಬಹುದು. ಹತ್ತು ಪಾಠಕ್ಕಿಂತ ಈ ರಟ್ಟು ಹೆಚ್ಚು ಕಲಿಸುತ್ತದೆ.

ಕಾಗದದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಹೊಲದಲ್ಲಿ ದುಡಿದ ನಮ್ಮ ಜನರ ಮೈಬಣ್ಣಕ್ಕೆ ಬಿಳಿ ಹಾಳೆ ತಕ್ಕದ್ದಲ್ಲ. ಖಾಕಿ ಕಾಗದ ತೆಗೆದುಕೊಂಡರೆ ಚರ್ಮದ ನಡುವಣ ಬಣ್ಣ ಕಾಗದವೇ ಕೊಡುತ್ತದೆ. ನೆರಳಿಗೆ ಚಾರ್ಕೋಲ್, ಹೊಳಪಿಗೆ ಬಿಳಿ ಚಾಕ್ ಸಾಕು. ಕಪ್ಪು ಚರ್ಮದಲ್ಲಿ ಮುಖದ ಉಬ್ಬುತಗ್ಗು ತಿಳಿಯುವುದು ನೆರಳಿಗಿಂತ ಹೆಚ್ಚಾಗಿ ಹೊಳಪಿನಿಂದ: ಹಣೆ, ಕೆನ್ನೆಯ ಮೂಳೆ, ಮೂಗಿನ ದಂಡೆ, ಕೆಳತುಟಿ. 'ಸ್ವಲ್ಪ ಬೆಳ್ಳಗೆ ಮಾಡ್ರಿ' ಎಂದು ಕೇಳುವವರು ಬಹಳ. ನಾನು ಒಪ್ಪುವುದಿಲ್ಲ, ಕೂತು ವಿವರಿಸುತ್ತೇನೆ. ಬಣ್ಣ ತೆಳುವಾದರೆ ಹೊಳಪು ಹೋಗುತ್ತದೆ, ಹೊಳಪು ಹೋದರೆ ಅವರ ಅಪ್ಪನ ಮುಖವೇ ಹೋಗುತ್ತದೆ.

ಕೆಲಸದ ನಡುವೆ ಚಿತ್ರವನ್ನು ತಲೆಕೆಳಗು ಮಾಡಿ ನೋಡುವ ರೂಢಿ ಚಿತ್ರಕಾರರಲ್ಲಿ ಹಳೆಯದು. ಮುಖ ಎಂಬ ಭಾವನೆ ಅಳಿದು ಬರೀ ಆಕಾರಗಳು ಕಾಣುವುದರಿಂದ ನೆರಳಿನ ತುಂಡುಗಳನ್ನು ಹೋಲಿಸಲು ಇದು ಒಳ್ಳೆಯದು. ಆದರೆ ಮುಖಭಾವ ಪರೀಕ್ಷಿಸಲು ನಾನು ಇದನ್ನು ನೆಚ್ಚುವುದಿಲ್ಲ. ಮನೋವಿಜ್ಞಾನಿ ಪೀಟರ್ ಥಾಂಪ್ಸನ್ 1980ರಲ್ಲಿ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೊ ತೆಗೆದುಕೊಂಡು ಕಣ್ಣು, ಬಾಯಿ ಮಾತ್ರ ಕತ್ತರಿಸಿ ತಿರುಗಿಸಿ ಅಂಟಿಸಿದರು. ಫೋಟೊ ತಲೆಕೆಳಗಿದ್ದಾಗ ಏನೂ ಆಗಿಲ್ಲ ಅನ್ನಿಸುತ್ತದೆ, ನೆಟ್ಟಗೆ ಮಾಡಿದರೆ ಭಯಂಕರ. ತಲೆಕೆಳಗಾದ ಮುಖದಲ್ಲಿ ಕಣ್ಣು, ಬಾಯಿಯ ಪರಸ್ಪರ ಸಂಬಂಧ ನಮಗೆ ಓದಲು ಬರುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಮುಖಭಾವಕ್ಕೆ ನನ್ನ ಪರೀಕ್ಷೆ ಕನ್ನಡಿ. ಎಡ ಬಲ ಅದಲುಬದಲಾದರೂ ಮುಖ ನೆಟ್ಟಗೇ ಇರುತ್ತದೆ, ಸೊಟ್ಟಗಾದ ಬಾಯಿ ಥಟ್ಟನೆ ಸಿಕ್ಕಿಬೀಳುತ್ತದೆ. ಕನ್ನಡಿಯಿಂದ ಹುಡುಗರಿಗೆ ಇನ್ನೊಂದು ಪ್ರಯೋಗ ಮಾಡಿಸುತ್ತೇನೆ: ನಿಮ್ಮ ಮುಖದ ಅಂಚನ್ನು ಕನ್ನಡಿಯ ಮೇಲೆ ಸೋಪಿನಿಂದ ಎಳೆಯಿರಿ. ಅದು ನಿಜ ಮುಖದ ಅರ್ಧದಷ್ಟೇ ಇರುತ್ತದೆ, ಹತ್ತಿರ ನಿಂತರೂ ದೂರ ನಿಂತರೂ ಅಷ್ಟೇ. ದಿನಾ ನೋಡುವ ಕನ್ನಡಿಯಲ್ಲಿ ಇದು ಯಾರಿಗೂ ಕಂಡಿರುವುದಿಲ್ಲ.

ನನ್ನ ಹತ್ತಿರ ಬರುವ ಕೆಲಸದಲ್ಲಿ ತೀರಿಕೊಂಡವರ ಚಿತ್ರಗಳೇ ಹೆಚ್ಚು. ಗುರುತಿನ ಚೀಟಿಯ ಫೋಟೊ ತರುತ್ತಾರೆ. ಎದುರಿನಿಂದ ಬಿದ್ದ ಚಪ್ಪಟೆ ಬೆಳಕು, ನೆರಳೇ ಇಲ್ಲ. ಇಲ್ಲವೇ ಮೊಬೈಲಿನ ಸೆಲ್ಫಿ. ಕೈಯಳತೆಯಲ್ಲಿ ತೆಗೆದದ್ದರಿಂದ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದಿರುತ್ತವೆ. ಒಮ್ಮೆ ಜೇವರ್ಗಿ ಕಡೆಯ ಆಯಿಯೊಬ್ಬರು ಮಗನ ಜೊತೆ, ತೀರಿಕೊಂಡ ಗಂಡನ ಅಂಥದೊಂದು ಚೀಟಿ ಹಿಡಿದು ಬಂದರು. ಫೋಟೊ ನೋಡಿ ಅವರೇ ಹೇಳಿದರು, "ಇದ್ರಾಗ ಅವ್ರು ಇಲ್ಲೇ ಇಲ್ಲ." ನಾನು ಕೇಳಿದೆ, "ದಿನಾ ಅವರ್ನ ಎಲ್ಲಿಂದ ನೋಡ್ತಿದ್ರಿ ಆಯಿ?"

"ಅಡಿಗಿ ಮನ್ಯಾಗಿಂದ. ಅವ್ರು ಕಟ್ಟಿ ಮ್ಯಾಲ ಕುಂದರ್ತಿದ್ರು, ಮಾರಿ ಓಣಿ ಕಡಿಗಿ ಇರ್ತಿತ್ತು."

ಅಂದರೆ ಆಕೆ ಬದುಕಿಡೀ ನೋಡಿದ ಮುಖ ಎದುರು ಮುಖವಲ್ಲ, ಅರೆ ಪಕ್ಕದ್ದು. ಮಗನನ್ನು ನಮ್ಮ ಕಟ್ಟೆಯ ಮೇಲೆ ಅದೇ ದಿಕ್ಕಿಗೆ ಕೂರಿಸಿ ಬೆಳಕು, ದವಡೆ, ಕಿವಿ ಅವನಿಂದ ತೆಗೆದುಕೊಂಡೆ. ಹುಬ್ಬು, ಮೂಗಿನ ಉದ್ದ, ತುಟಿ ಫೋಟೊದಿಂದ. ಒಂದು ಮದುವೆ ಆಲ್ಬಮ್ಮಿನ ಮೂಲೆಯಲ್ಲಿ ಅವರು ಪಕ್ಕಕ್ಕೆ ತಿರುಗಿ ನಿಂತದ್ದು ಸಿಕ್ಕಿ ಬಹಳ ನೆರವಾಯಿತು. ಚಿತ್ರ ನೋಡಿ ಆಯಿ "ಹಿಂಗೇ ಕುಂದರ್ತಿದ್ರು ನೋಡ್ರಿ" ಎಂದರು. ಆವತ್ತಿನಿಂದ ಯಾರೇ ಬಂದರೂ ಎಲ್ಲಿಂದ ನೋಡುತ್ತಿದ್ದಿರಿ ಎಂದು ಕೇಳದೆ ನಾನು ಕಾಗದಕ್ಕೆ ಕೈ ಹಚ್ಚುವುದಿಲ್ಲ.

ಹೋಲಿಕೆಯ ಬಗ್ಗೆ ಯೋಚಿಸುವವರು ನಮ್ಮ ಜಿಲ್ಲೆಯಲ್ಲೇ ಇರುವ ಕನಗನಹಳ್ಳಿಯ ಶಿಲ್ಪವನ್ನು ನೋಡಬೇಕು. ಸನ್ನತಿ ಹತ್ತಿರ, ಭೀಮಾ ನದಿ ದಂಡೆಯ ಬೌದ್ಧ ಸ್ತೂಪದ ಫಲಕ ಅದು. ರಾಜ, ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಕೊರೆದಿದ್ದಾರೆ. ಅಶೋಕ ತೀರಿ ಎಷ್ಟೋ ತಲೆಮಾರು ಕಳೆದ ಮೇಲೆ ಕೆತ್ತಿದ್ದು, ಶಿಲ್ಪಿ ಅವನನ್ನು ಕಂಡಿರಲಿಲ್ಲ. ಮುಖ ಒಬ್ಬ ರಾಜನದು, ಅಶೋಕ ಎಂದು ಹೇಳುವುದು ಅಕ್ಷರ. ಇದಕ್ಕೆ ತೀರಾ ಬೇರೆ ದಾರಿ ಕಲಬುರಗಿಯಲ್ಲೇ ಹುಟ್ಟಿದ ಎಸ್. ಎಂ. ಪಂಡಿತರದು (1916–1993). ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದ ಅವರು ಪುರಾಣದ ದೇವರಿಗೂ ಎದುರಿಗೆ ಕೂತ ಮನುಷ್ಯನ ಮೇಲಿನ ಬೆಳಕನ್ನೇ ಕೊಟ್ಟರು. ಅವರ ಚಿತ್ರದ ಕೆನ್ನೆಯ ಮೇಲೆ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೆ ಎಂದು ನಾನು ಇವತ್ತಿಗೂ ಬೆರಳಿಟ್ಟು ಹುಡುಕುತ್ತೇನೆ.

ಕೊನೆಗೆ ಕಣ್ಣಿಗೆ ಬರುತ್ತೇನೆ. ಅಷ್ಟು ಹೊತ್ತಿಗೆ ಗುಳಿ, ರೆಪ್ಪೆಯ ನೆರಳು ತಯಾರಾಗಿರುತ್ತವೆ, ಸೇರಿಸುವುದು ಸ್ವಲ್ಪವೇ. ಕರಿಗುಡ್ಡೆಯ ಮೇಲಂಚನ್ನು ರೆಪ್ಪೆ ಮುಚ್ಚಿರಬೇಕು. ಪೂರ್ತಿ ದುಂಡಗೆ ಕಾಣಬಾರದು. ಬಾಯಿಯ ಎರಡೂ ಮೂಲೆಗಳನ್ನು ಬೆರಳಿಂದ ತುಸು ಮಸುಕು ಮಾಡುತ್ತೇನೆ, ಗೆರೆ ಎಳೆದು ಬಿಗಿಯುವುದಿಲ್ಲ. ಕಣ್ಣಿನ ಮಿಂಚು ಕಟ್ಟಕಡೆಯದು: ಒಂದೇ ಕಿಟಕಿಯ ಬೆಳಕಾದರೆ ಎರಡೂ ಗುಡ್ಡೆಯಲ್ಲಿ ಒಂದೇ ದಿಕ್ಕಿಗೆ ಒಂದೊಂದೇ ಚುಕ್ಕೆ, ಚಾಕ್‌ನ ತುದಿಯಿಂದ. ಅದಾದ ಮೇಲೆ ಚಿತ್ರ ಮುಟ್ಟುವುದಿಲ್ಲ.