ಮುದ್ದೆಗೆ ಯಾವ ನೀರು?

ಪಾವಗಡದ ಕಡೆ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಇಲ್ಲಿ ಬಂಡೆಯೊಳಗಿನ ಫ್ಲೋರೈಡ್ ಬೋರ್‌ವೆಲ್ ನೀರಿಗೆ ಸೇರುತ್ತದೆ. ಎಷ್ಟೋ ಮಕ್ಕಳ ಹಲ್ಲು ಕಂದು ಕಲೆ ಕಟ್ಟುವುದು ಅದರಿಂದಲೇ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಆಗಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ.

ಪ್ರಾಕ್ಟಿಕಲ್‌ನಲ್ಲಿ ನಾವೇ ಕಲಸಿದ ದ್ರಾವಣವನ್ನು ನಾವೇ ಅಳೆಯುವುದು ಸಾಕೆನಿಸಿ, ಹತ್ತಿರದ ಒಂದು ಊರಿನ ನೀರು ತರಿಸಿದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ತರುವುದು ಒಳ್ಳೆಯದು, ಗಾಜಿನಲ್ಲಿ ತಂದರೆ ಲೆಕ್ಕ ತಪ್ಪಬಹುದು. ಫ್ಲೋರೈಡ್ ಅಳೆಯಲು ಬಳಸುವ ಕೆಂಪು ಬಣ್ಣದ ಸ್ಪ್ಯಾಡ್ನ್ಸ್ ದ್ರಾವಣ ಹಾಕಿದಾಗ ಕೆಂಪು ಮಂಕಾದಷ್ಟೂ ಫ್ಲೋರೈಡ್ ಜಾಸ್ತಿ. ಬಣ್ಣ ಮಂಕಾಗುತ್ತಾ ಹೋದ ಹಾಗೆ ಆ ಊರಿನ ಹುಡುಗರ ಮುಖ ನೋಡಲಾಗಲಿಲ್ಲ.

ಮೊದಲ ವರ್ಷ ಇಂಗ್ಲಿಷಿನಲ್ಲಿ ಟೇಬಲ್ ಮಾಡಿ ಪಂಚಾಯಿತಿಗೆ ಕೊಟ್ಟು ಬಂದೆವು. ಅದು ನನ್ನದೇ ತಪ್ಪು. ಯಾರೂ ಓದಲಿಲ್ಲ, ಓದುವ ಹಾಗೆ ನಾವು ಬರೆದೂ ಇರಲಿಲ್ಲ.

ಮುಂದಿನ ವರ್ಷ ಅರಳಿಕಟ್ಟೆಯಲ್ಲಿ ಕೂತು ಹೇಳಿದೆವು. ಗಡಿ ಊರು, ಹಿರಿಯರ ಮನೆಮಾತು ತೆಲುಗು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಅಂದು ತೆಲುಗಿನಲ್ಲಿ ಪೂರ್ತಿ ವಿವರಿಸಿದಳು. ನಾನು ಹಿಂದೆ ನಿಂತು ಕೇಳಿದೆ.

ಅಜ್ಜಿಯೊಬ್ಬರು ಕೇಳಿದರು: "ಕುದಿಸಿದ್ರೆ ಹೋಗಲ್ವಾ?"

ಹೋಗಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಹುಡುಗರು ಆ ನೀರನ್ನೇ ತಂದು, ಕುದಿಸಿ ಇಂಗಿಸಿ ಅಳೆದರು. ನೀರು ಆವಿಯಾಯಿತು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯಿತು, ಅಳತೆ ಏರಿತ್ತು. ಮರುವಾರ ಅವರೇ ಹೋಗಿ ಅಜ್ಜಿಗೆ ಹೇಳಿದರು.

ಆಗ ಅಜ್ಜಿ ಇನ್ನೊಂದು ಕೇಳಿದರು: "ಹಂಗಾದ್ರೆ ಮುದ್ದೆ?"

ಊರಿನಲ್ಲಿ ಶುದ್ಧ ನೀರಿನ ಘಟಕವಿದೆ. ಕ್ಯಾನ್ ನೀರು ಕುಡಿಯುವುದಕ್ಕೆ ಮಾತ್ರ. ಮುದ್ದೆಯ ಎಸರು, ಸಾರು, ಟೀ ಎಲ್ಲಕ್ಕೂ ಬೋರ್ ನೀರೇ. "ಸಾರ್, ನಮ್ಮನೇಲೂ ಹಂಗೇ," ಎಂದಳು ಆ ಹುಡುಗಿ. ಇಷ್ಟು ವರ್ಷ ಫ್ಲೋರೈಡ್ ಪಾಠ ಮಾಡಿದ ನಾನು ಒಂದು ದಿನವೂ ಅಡುಗೆಯ ನೀರಿನ ಬಗ್ಗೆ ಕೇಳಿರಲಿಲ್ಲ.

ಈಗ ಪ್ರತಿ ಮನೆಯಿಂದ ಎರಡು ಬಾಟಲಿ ತರುತ್ತೇವೆ, ಒಂದು ಕುಡಿಯುವ ನೀರು, ಒಂದು ಎಸರಿನ ನೀರು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಅಳತೆಯ ಪಕ್ಕ, ಆ ಮನೆಯವರು ಏನು ಕೇಳಿದರು ಎಂದು ಬರೆಯಲು ಒಂದು ಕಾಲಂ ಹಾಕಿದ್ದೇನೆ. ಅದಕ್ಕೂ ಮಾರ್ಕ್ಸ್ ಉಂಟು.