ಹೊಳೆ ಏರುತ್ತಿದ್ದರೆ ಬಾಗಿಲಿಗಿಂತ ಮೊದಲು ಬಚ್ಚಲು ನೋಡಿ

ಮನೆಯೊಳಗೆ ಮೊಣಕಾಲುದ್ದ ಹೊಳೆ ನೀರು ನಿಂತಿದ್ದನ್ನು ಎರಡು ಸಲ ಕಂಡವಳು ನಾನು. ಮೊದಲ ಸಲ ಮನೆಮಂದಿಯೆಲ್ಲಾ ಮುಂಬಾಗಿಲಿಗೆ ಮರಳಿನ ಚೀಲ ಒಟ್ಟಿ ರಾತ್ರಿಯಿಡೀ ಕಾವಲು ಕೂತಿದ್ದೆವು. ನೀರು ಬಂದಿದ್ದು ಹಿಂದಿನಿಂದ, ಬಚ್ಚಲಿನ ತೂತಿನಿಂದ. ಗುಳುಗುಳು ಅಂತ ಸದ್ದು, ಆಮೇಲೆ ಒಂದಿಷ್ಟು ಕಪ್ಪು ನೊರೆ, ನೋಡನೋಡುತ್ತಿದ್ದಂತೆ ಅಡುಗೆಮನೆ ತನಕ ಹೊಲಸು ನೀರು. ಊರು ದೊಡ್ಡದಾದಷ್ಟೂ ಹೀಗೇ. ಹೊಳೆ ಏರಿದಾಗ ಒಳಚರಂಡಿ ನೀರಿಗೆ ಹೋಗಲು ದಾರಿಯಿರುವುದಿಲ್ಲ, ವಾಪಸ್ ಮನೆಯೊಳಗೇ ನುಗ್ಗುತ್ತದೆ. ಹಾಗಾಗಿ ಒಂದು ಮರಳಿನ ಚೀಲವನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಮೋಡಿನೊಳಗೆ ಒತ್ತಿ ಇಡಿ, ಬಚ್ಚಲಿನ ತೂತಿನ ಮೇಲೂ ಒಂದಿರಲಿ.

ಇನ್ನೊಂದು ಮಾತು. ಮಳೆ ನಿಂತಿತು ಅಂತ ಮೇಲಿಟ್ಟ ಸಾಮಾನನ್ನು ಇಳಿಸಬೇಡಿ. ಮೇಲೆಲ್ಲೋ ಸುರಿದ ಮಳೆ ನಿಮ್ಮ ತನಕ ಬರಲು ಗಂಟೆಗಟ್ಟಲೆ, ದೊಡ್ಡ ನದಿಯಾದರೆ ದಿನಗಟ್ಟಲೆ ಬೇಕು. ಅಣೆಕಟ್ಟಿನಿಂದ ನೀರು ಬಿಟ್ಟರಂತೂ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರಬಹುದು.

ನೆಲ ಒಣಗಿರುವಾಗಲೇ ಮೇನ್ ಸ್ವಿಚ್ ಆರಿಸಿ. ಕಾಲು ನೀರಿನಲ್ಲಿದ್ದರೆ ಅದನ್ನು ಮುಟ್ಟಲೇಬೇಡಿ. ಗ್ಯಾಸ್ ಬಂದ್ ಮಾಡಿ ಸಿಲಿಂಡರನ್ನು ಕಟ್ಟಿಹಾಕಿ, ಯಾಕೆಂದರೆ ಅದು ತೇಲುತ್ತದೆ. ಕುಡಿಯುವ ನೀರನ್ನು ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನಕ್ಕಾದರೂ ಮೊದಲೇ ತುಂಬಿಟ್ಟುಕೊಳ್ಳಿ. ನೀರಿನ ಸಂಪಿನೊಳಗೆ ಹೊರಗಿನ ನೀರು ಸೇರಿದ್ದರೆ ಅದನ್ನು ಪೂರ್ತಿ ಖಾಲಿ ಮಾಡಿ ತೊಳೆಯುವ ತನಕ ಕುಡಿಯುವ ಮಾತೇ ಬೇಡ. ಕುದಿಸಿದರೆ ರೋಗಾಣು ಸಾಯುತ್ತವೆ ನಿಜ, ಆದರೆ ನೀರಿಗೆ ಪೆಟ್ರೋಲೋ ಕೀಟನಾಶಕವೋ ಸೇರಿದ್ದರೆ ಅದು ಹೋಗುವುದಿಲ್ಲ.

ಹೊರಡಿ ಅಂದಾಗ ಹೊರಟುಬಿಡಿ, ಸಾಮಾನಿನ ಮೇಲಿನ ಆಸೆಗೆ ತಡಮಾಡಬೇಡಿ. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ಸಾಕು, ದೊಡ್ಡವರೇ ಬೀಳುತ್ತಾರೆ. 30 ಸೆಂಟಿಮೀಟರ್ ಆದರೆ ಸಣ್ಣ ಕಾರು ತೇಲಿಹೋಗುತ್ತದೆ. ನಡೆಯಲೇಬೇಕಾದರೆ ನಿಂತ ನೀರಿನಲ್ಲಿ ಮಾತ್ರ, ಅದೂ ಕೋಲಿನಿಂದ ತಡಕಾಡುತ್ತಾ. ಮುಚ್ಚಳ ಕಿತ್ತುಹೋದ ಮ್ಯಾನ್‌ಹೋಲ್ ಕೆಸರು ನೀರಿನಲ್ಲಿ ಕಾಣುವುದಿಲ್ಲ ಅಲ್ವಾ.

ನಿಜವಾದ ಕಷ್ಟ ನೀರು ಇಳಿದ ಮೇಲೆ. ಬೇಸ್‌ಮೆಂಟ್ ತುಂಬಿದ್ದರೆ ಪಂಪ್ ಹಾಕಿ ಒಂದೇ ಸಲ ಖಾಲಿ ಮಾಡಬೇಡಿ. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒತ್ತುತ್ತಿರುತ್ತದೆ, ಒಳಗಿನ ನೀರು ದಿಢೀರ್ ಹೋದರೆ ಗೋಡೆಯೇ ಒಳಕ್ಕೆ ಕುಸಿಯಬಹುದು. ದಿನಕ್ಕೆ ಮೂರನೇ ಒಂದು ಭಾಗದಂತೆ ತೆಗೆಯಿರಿ. ಪಂಪಿಗೆ ಜನರೇಟರ್ ಬಳಸಿದರೆ ಅದು ಹೊರಗೇ, ಕಿಟಕಿಗಳಿಂದ ದೂರ ಇರಲಿ. ಅದರ ಹೊಗೆ ಮನೆಯೊಳಗೆ ತುಂಬಿದರೆ ಜೀವ ಹೋಗುತ್ತದೆ.

ಕೆಸರನ್ನು ಹಸಿ ಇರುವಾಗಲೇ ಬಳಿಯಿರಿ, ಒಣಗಿದರೆ ಸಿಮೆಂಟಿನಂತೆ ಹಿಡಿಯುತ್ತದೆ. ಬರಿಗಾಲಲ್ಲಿ ಮಾತ್ರ ಇಳಿಯಬೇಡಿ. ಕಾಲಿನಲ್ಲಿ ಸಣ್ಣ ಗಾಯವಿದ್ದರೂ ಇಲಿ ಜ್ವರ ಅಂಟುತ್ತದೆ, ಮುಂದಿನ ವಾರಗಳಲ್ಲಿ ಜ್ವರ ಬಂದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಲೇಬೇಕು. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗುತ್ತದೆ, ಹಾಗಾಗಿ ಕಿಟಕಿ ಬಾಗಿಲು ತೆರೆದಿಡಿ. ಚರಂಡಿ ನೀರು ಕುಡಿದ ಹಾಸಿಗೆ ಎಷ್ಟೇ ದುಬಾರಿಯಾಗಿದ್ದರೂ ಎಸೆಯಿರಿ. ಎಸೆಯುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಇನ್ಶೂರೆನ್ಸಿಗೋ ಪರಿಹಾರಕ್ಕೋ ಬೇಕಾಗುತ್ತದೆ.

ಹಳೆಯ ಫೋಟೋಗಳ ವಿಷಯಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒದ್ದೆ ಆಲ್ಬಮ್ಮಿನಲ್ಲಿ ಅಂಟಿಕೊಂಡಿದ್ದ ನನ್ನ ಮದುವೆ ಫೋಟೋಗಳನ್ನು ಆತುರದಲ್ಲಿ ಬಿಡಿಸಲು ಹೋದೆ, ಅಪ್ಪನ ಮುಖವೇ ಕಿತ್ತು ಪಕ್ಕದ ಹಾಳೆಗೆ ಅಂಟಿಕೊಂಡಿತು. ಎಳೆಯಬೇಡಿ. ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ ಕೆಸರು ಬಿಡಿಸಿ, ತಾನಾಗಿ ಬಿಟ್ಟಿದ್ದನ್ನು ಮುಖ ಮೇಲಾಗಿ ನೆರಳಲ್ಲಿ ಹರಡಿ. ಪುರುಸೊತ್ತಿಲ್ಲದಿದ್ದರೆ ಆಲ್ಬಮ್ಮನ್ನು ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕರೆಂಟ್ ಇರುವ ಯಾರದಾದರೂ ಮನೆಯ ಫ್ರೀಜರಿನಲ್ಲಿಡಿ. ಮನೆ ಒಂದು ಹದಕ್ಕೆ ಬಂದ ಮೇಲೆ ತೆಗೆದು ನಿಧಾನವಾಗಿ ಬಿಡಿಸಿದರಾಯಿತು.