ಮರಳಿನ ಮೇಲೆ ಮೀಸೆ ಹುಡುಕುತ್ತಾ

ತಿಗಣೆ ಹಿಡಿಯಲು ಹೊಳೆಗೆ ಹೋಗುತ್ತೇನೆ ಎಂದರೆ ಮನೆಯವರು ಈಗಲೂ ಒಮ್ಮೆ ಮೈ ಕೆರೆದುಕೊಳ್ಳುತ್ತಾರೆ. ನಾನು ಹುಡುಕುವುದು ಹಾಸಿಗೆ ತಿಗಣೆಯ ದೂರದ ದಾಯಾದಿಗಳನ್ನು. ನೀರಿಗೂ ನೆಲಕ್ಕೂ ನಡುವಿನ ಒದ್ದೆ ಪಟ್ಟಿಯಲ್ಲೇ ಬೇಟೆಯಾಡುವ, ನಾಲ್ಕೈದು ಮಿಲಿಮೀಟರ್ ಉದ್ದದ ಸಾಲ್ಡಿಡೇ ಕುಟುಂಬದ ಕೀಟಗಳು. ನಾನು ಅವನ್ನು ದಂಡೆ ತಿಗಣೆ ಎನ್ನುತ್ತೇನೆ. ಮನೆಯವರ ಕೆರೆತವನ್ನು ತೀರಾ ತಪ್ಪು ಎನ್ನುವಂತಿಲ್ಲ: 1758ರಲ್ಲಿ, ಜೀವಿಗಳಿಗೆ ಹೆಸರಿಡುವ ಪದ್ಧತಿ ಕಟ್ಟಿದ ಲಿನೇಯಸ್ ಕೂಡ ಯುರೋಪಿನ ಒಂದು ದಂಡೆ ತಿಗಣೆಯನ್ನು ಹಾಸಿಗೆ ತಿಗಣೆಯ ಜೊತೆಗೇ ಸಿಮೆಕ್ಸ್ ಕುಲಕ್ಕೆ ಸೇರಿಸಿದ್ದ.

ತೀರ್ಥಹಳ್ಳಿಯ ಬಳಿ ತುಂಗೆ ಬೇಸಿಗೆಯಲ್ಲಿ ಬಡವಾದಾಗ ಬಂಡೆ, ಮರಳು, ಕೆಸರು ಎಲ್ಲವೂ ಅಕ್ಕಪಕ್ಕ ಸಿಗುತ್ತವೆ. ಮೊದಲ ವರ್ಷ ಬಲೆ ಬೀಸಿ ಬೀಸಿ ತೋಳು ನೋಯಿತು, ಕೈಗೆ ಸಿಕ್ಕಿದ್ದು ನೊಣಗಳು. ದಂಡೆ ತಿಗಣೆಗೆ ತಲೆಗಿಂತ ಕಣ್ಣೇ ದೊಡ್ಡದು. ನೆರಳು ಬಿದ್ದೊಡನೆ ನೆಗೆದು, ರೆಕ್ಕೆ ಬಿಚ್ಚಿ, ಸ್ವಲ್ಪ ಆಚೆ ಇಳಿದುಬಿಡುತ್ತದೆ. ಕೊನೆಗೆ ಬಲೆ ಬಿಟ್ಟು, ಸೂರ್ಯನಿಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತೆ. ಕಾಲು ಗಂಟೆಯಲ್ಲಿ ಅವು ಮತ್ತೆ ಬಂದವು. ಒಂದು ತನ್ನ ಸೂಜಿಯಂಥ ಹೀರುಮೂತಿಯನ್ನು ಕೆಸರಿಗೆ ಚುಚ್ಚಿ ತೆಗೆದು, ಎರಡು ಹೆಜ್ಜೆ ಇಟ್ಟು, ಮತ್ತೆ ಚುಚ್ಚಿತು. ಐದಾರು ಸಲ ಹೀಗೆ ಮಾಡಿ ನೂಲಿನಂಥ ಒಂದು ಹುಳುವನ್ನು ಹೊರಗೆಳೆದು, ಅಲ್ಲೇ ನಿಂತು ಹೀರಿತು. ಊಟದಲ್ಲಿ ಮುಳುಗಿದ್ದಾಗ ಗಾಜಿನ ಲೋಟ ಬೋರಲು ಹಾಕಿ, ಅಡಿಯಿಂದ ಪೋಸ್ಟ್‌ಕಾರ್ಡ್ ತೂರಿಸಿದೆ. ಇಂದಿಗೂ ನನ್ನ ಉಪಕರಣ ಅಷ್ಟೇ.

ಹಿಡಿಯುವುದಕ್ಕಿಂತ ಹೆಸರಿಡುವುದರಲ್ಲಿ ಹೆಚ್ಚು ಎಡವಿದ್ದೇನೆ. ಮುಂರೆಕ್ಕೆಯ ತುದಿಯ ಪೊರೆಯಲ್ಲಿ ಕಿಟಕಿಯ ಗಾಜಿನಂತೆ ಸಾಲಾಗಿ ನಾಲ್ಕೋ ಐದೋ ಉದ್ದನೆಯ ಕೋಣೆಗಳಿದ್ದರೆ ಸಾಲ್ಡಿಡೇ ಎಂದು ಕಲಿತಿದ್ದೆ. ಗಿಡ್ಡ ರೆಕ್ಕೆಯವು ಬಂದಾಗ ಆ ಪೊರೆಯೇ ಸರಿಯಾಗಿರುವುದಿಲ್ಲ, ಆ ಮಾತು ಬೇರೆ. ಒಮ್ಮೆ ಮಖಮಲ್ಲಿನಂಥ ಕಪ್ಪು ಮೈಯ, ನಸುನೀಲಿ ಚುಕ್ಕೆಯ ಕೀಟವೊಂದು ಸಿಕ್ಕಿತು. ಅದೇ ದಂಡೆ, ಅದೇ ಉಬ್ಬುಗಣ್ಣು, ಪೊರೆಯಲ್ಲೂ ಕೋಣೆಗಳು. ಎಣಿಸಲು ಸೋಮಾರಿತನಪಟ್ಟು ಸಾಲ್ಡಿಡೇ ಪೆಟ್ಟಿಗೆಗೆ ಚುಚ್ಚಿಟ್ಟೆ. ಒಂದು ವರ್ಷ ಅಲ್ಲೇ ಇತ್ತು.

ತಪ್ಪು ಹೊಳೆದದ್ದು ಮೀಸೆ ನೋಡಿದಾಗ. ದಂಡೆ ತಿಗಣೆಯ ನಾಲ್ಕು ಗೆಣ್ಣಿನ ಮೀಸೆ ಉದ್ದ, ಬರಿಗಣ್ಣಿಗೇ ಕಾಣುತ್ತದೆ. ಇದರದ್ದು ತಲೆಗಿಂತ ಗಿಡ್ಡ. ಹತ್ತು ಪಟ್ಟಿನ ಮಸೂರ ಹಿಡಿದು, ಮಗುಚಿ ಹುಡುಕಬೇಕಾಯಿತು. ಅದು ಆಕ್ಟೆರಸ್ ಎಂಬ ಬೇರೆಯೇ ಕುಲದ್ದು. ನೀರುಚೇಳು, ದೈತ್ಯ ನೀರುತಿಗಣೆಗಳ ಬಳಗವಾದ ನೆಪೊಮಾರ್ಫಾಕ್ಕೆ ಸೇರಿದ್ದು, ದಡದಲ್ಲಿ ಸಂಸಾರ ಹೂಡಿದೆ, ಅಷ್ಟೇ. ಕಪ್ಪೆಯಂತೆ ಕುಳಿತಿರುವ ಗೆಲಾಸ್ಟೊಕೊರಿಡೇ ತಿಗಣೆಗಳೂ ಅದೇ ಮನೆತನ. ಸಾಲ್ಡಿಡೇಯ ನಿಜವಾದ ನೆಂಟರು ಲೆಪ್ಟೊಪೊಡಿಡೇ ಎಂಬ ಮುಳ್ಳುಗಾಲಿನವು. ಅವನ್ನು ಒಣ ಬಂಡೆಗಳ ಮೇಲೆ ಹುಡುಕಬೇಕು. ಇಬ್ಬರನ್ನೂ ಸೇರಿಸಿ ಲೆಪ್ಟೊಪೊಡೊಮಾರ್ಫಾ ಎನ್ನುತ್ತಾರೆ. ಒಂದೇ ಕೇರಿಯಲ್ಲಿದ್ದ ಮಾತ್ರಕ್ಕೆ ಗೋತ್ರ ಒಂದೇ ಆಗಲಿಲ್ಲ.

ಈಗ ನಾನು ಕುಲದವರೆಗೆ ಹೋಗಿ ನಿಲ್ಲುತ್ತೇನೆ. ಚೀಟಿಯಲ್ಲಿ ‘ಸಾಲ್ಡುಲಾ’ ಎಂದಷ್ಟೇ ಬರೆದು, ತಾರೀಖು, ಜಾಗ, ಕೆಸರೋ ಮರಳೋ ಎಂಬುದನ್ನು ಸೇರಿಸುತ್ತೇನೆ. ಪ್ರಭೇದ ಹೇಳಲು ಗಂಡಿನ ಜನನಾಂಗ ಬಿಡಿಸಿ ನೋಡಬೇಕು, ಅದಕ್ಕೆ ನನ್ನ ಕೈ ಇನ್ನೂ ನಡುಗುತ್ತದೆ.

ಕಳೆದ ಮಾರ್ಚ್‌ನಲ್ಲಿ ಒದ್ದೆ ಮರಳಿನ ಒಂದು ಚಿಟಿಕೆ ನನ್ನ ಕಣ್ಣೆದುರೇ ನಡೆಯತೊಡಗಿತು. ಲೋಟ ಮುಚ್ಚಿ ಮಸೂರ ಹಿಡಿದೆ. ಬೆನ್ನ ತುಂಬ ಮರಳು ಹೊತ್ತ ಆಕ್ಟೆರಸ್ ಮರಿ. ಮೀಸೆ ನೋಡಿಕೊಂಡು, ಲೋಟ ಎತ್ತಿದೆ.